ನರ್ಸ್ ಕಾಲ್ ಬೆಲ್ಲಿಗೆ ಝೋನ್ ಹಾಕೋದು ಹೇಗೆ? ರಾತ್ರಿ ಬಾತ್‌ರೂಮಿನ ಒಂದು ಕರೆ ತಪ್ಪಿದ ಮೇಲೆ ಕೇಳ್ತಿದ್ದೀನಿ

ಮಲೆನಾಡ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನ ಖಾಸಗಿ ಆಸ್ಪತ್ರೇಲಿ ನಾನು ನರ್ಸಿಂಗ್ ಇನ್‌ಚಾರ್ಜ್. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯ್ತು. ವೈರು, ಪ್ಯಾನೆಲ್ಲು ನನಗೆ ಅರ್ಥ ಆಗಲ್ಲ, ಆದರೆ ನಮ್ಮ ವಾರ್ಡಿನ ಒಂದೊಂದು ಮಂಚಾನೂ ಗೊತ್ತು. ಬೆಲ್ ಸಿಸ್ಟಮ್ ಹಾಕೋರು, ಹಾಕಿಸಿರೋರು, ಅದರ ಜೊತೆ ದಿನಾ ಕೆಲಸ ಮಾಡೋರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಮ್ಮ ಮೊದಲನೇ ಮಹಡಿ ಮೊಣಕೈ ಮಡಚಿದ ಹಾಗಿದೆ. ಒಂದು ತೋಳು ರಸ್ತೆ ಕಡೆ, ಇನ್ನೊಂದು ಹಿಂದಿನ ಅಡಿಕೆ ತೋಟದ ಕಡೆ. ರಸ್ತೆ ಕಡೆ ಹನ್ನೆರಡು ಸ್ಪೆಷಲ್ ರೂಮು, ಆಮೇಲೆ ಹೆಂಗಸರ ಜನರಲ್ ವಾರ್ಡು 10 ಬೆಡ್. ತಿರುವಿನಲ್ಲಿ ಜನರಲ್ ವಾರ್ಡಿನವರಿಗೆ ನಾಲ್ಕು ಬಾತ್‌ರೂಮು, ಹೆಂಗಸರಿಗೆ ಎರಡು, ಗಂಡಸರಿಗೆ ಎರಡು. ತೋಟದ ಕಡೆ ಗಂಡಸರ ಜನರಲ್ 10, ಪೋಸ್ಟ್ ಆಪ್ (ಆಪರೇಷನ್ ಆದವರ ವಾರ್ಡು) 6, ಕೊನೆಗೆ ಎರಡೆರಡು ಬೆಡ್ಡಿನ ಐದು ಸೆಮಿ ಸ್ಪೆಷಲ್ ರೂಮು. ಒಟ್ಟು 48 ಬೆಡ್, ರೂಮುಗಳ ಒಳಗಿನದ್ದೂ ಸೇರಿ 22 ಬಾತ್‌ರೂಮ್. ಎಪ್ಪತ್ತು ಕಡೆಯಿಂದ ಕರೆ ಬರಬಹುದು. ಸಿಸ್ಟರ್ಸ್ ಕೂರೋ ಸ್ಟೇಷನ್ ಎರಡು: ಮುಂದೆ ಲಿಫ್ಟಿನ ಪಕ್ಕ ಒಂದು, ಹಿಂದೆ ಪೋಸ್ಟ್ ಆಪ್ ಎದುರು ಒಂದು. ಹಗಲು ಮೂರು ಮೂರು ಜನ ಸಿಸ್ಟರ್ಸ್, ರಾತ್ರಿ ಮುಂದೆ ಇಬ್ಬರು, ಹಿಂದೆ ಒಬ್ಬಳೇ.

ಮೂರು ವರ್ಷದ ಹಿಂದೆ ಬೆಲ್ ಹಾಕಿಸಿದಾಗ ಬಂದಿದ್ದ ಹುಡುಗರು ನಾಲ್ಕು ಝೋನ್, ಅಂದರೆ ಕರೆಗಳನ್ನ ನಾಲ್ಕು ಗುಂಪು, ಮಾಡಿ ಹೋದರು. ಒಂದನೇದು ಸ್ಪೆಷಲ್ ರೂಮುಗಳು, ಎರಡನೇದು ಹೆಂಗಸರ ವಾರ್ಡು, ಮೂರನೇದು ಗಂಡಸರ ವಾರ್ಡು ಮತ್ತು ಪೋಸ್ಟ್ ಆಪ್, ನಾಲ್ಕನೇದು ಸೆಮಿ ಸ್ಪೆಷಲ್. ಮೊದಲಿನ ಎರಡು ಮುಂದಿನ ಸ್ಟೇಷನ್ನಿಗೆ, ಉಳಿದ ಎರಡು ಹಿಂದಕ್ಕೆ. ತಿರುವಿನ ನಾಲ್ಕೂ ಬಾತ್‌ರೂಮನ್ನ ಮೂರನೇ ಝೋನಿಗೆ ಸೇರಿಸಿದ್ದರು. ಯಾಕಂತ ಅವತ್ತು ನಾನು ಕೇಳಲಿಲ್ಲ.

ಹೋದ ತಿಂಗಳು ಒಂದು ರಾತ್ರಿ, ಹೆಂಗಸರ ವಾರ್ಡಿನ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಾತ್‌ರೂಮಿಗೆ ಹೋದರು. ಮಗಳು ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದಳು, ಪಾಪ, ಎರಡು ರಾತ್ರಿಯ ನಿದ್ದೆ ಬಾಕಿ. ಎಬ್ಬಿಸೋದು ಬೇಡ ಅಂತ ಅಜ್ಜಿ ಒಬ್ಬರೇ ಎದ್ದಿದ್ದಾರೆ. ಒಳಗೆ ಕಾಲು ಜಾರಿದೆ. ಕೈಗೆ ಸಿಕ್ಕ ಬೆಲ್ಲಿನ ಹಗ್ಗ ಎಳೆದಿದ್ದಾರೆ. ಬೆಲ್ ಹೊಡೆದದ್ದು ಹಿಂದಿನ ಸ್ಟೇಷನ್ನಿನಲ್ಲಿ. ಅಲ್ಲಿನ ಸಿಸ್ಟರ್ ಪೋಸ್ಟ್ ಆಪ್ ಒಳಗೆ ವಾಂತಿ ಮಾಡ್ಕೋತಿದ್ದ ಪೇಷೆಂಟನ್ನ ಒಂದು ಕಡೆಗೆ ಹೊರಳಿಸಿ ಹಿಡ್ಕೊಂಡು ನಿಂತಿದ್ದಳು, ಬಾಗಿಲು ಹಾಕಿತ್ತು. ಮುಂದಿನ ಇಬ್ಬರಿಗೆ ಏನೂ ಕೇಳಿಸಲಿಲ್ಲ. ಅವರ ಟೇಬಲ್ಲಿನಿಂದ ಆ ಬಾತ್‌ರೂಮಿಗೆ ಮೂವತ್ತೆರಡು ಹೆಜ್ಜೆ, ಆಮೇಲೆ ನಾನೇ ನಡೆದು ಎಣಿಸಿದೆ. ಪ್ಯಾನೆಲ್ಲಿನಲ್ಲಿ ಕರೆ ದಾಖಲಾದದ್ದು 2.41ಕ್ಕೆ, ಆಫ್ ಆದದ್ದು 3.04ಕ್ಕೆ. ಇಪ್ಪತ್ತಮೂರು ನಿಮಿಷ. ಬೇರೆ ಪೇಷೆಂಟಿನ ಅಟೆಂಡರ್ ಒಬ್ಬರು ನೋಡಿ ಕೂಗಿದ ಮೇಲೆ ಎಲ್ಲರೂ ಓಡಿದ್ದು. ಅಜ್ಜಿಯ ಮಣಿಕಟ್ಟು ಮುರಿದಿತ್ತು. ಆ ಒದ್ದೆ ನೆಲದ ಮೇಲೆ ಅಷ್ಟು ಹೊತ್ತು ಕೂತಿದ್ದರು.

ಮೀಟಿಂಗಿನಲ್ಲಿ ಹಿಂದಿನ ಸಿಸ್ಟರನ್ನ ನಿಲ್ಲಿಸಿ ಬೈದರು. ನನಗೆ ಅದು ತಡೆಯೋಕಾಗಲಿಲ್ಲ. ಅಜ್ಜಿ ಅವಳ ಪೇಷೆಂಟೇ ಅಲ್ಲ. ಅವಳು ಕೈಬಿಟ್ಟು ಹೋಗಿದ್ದರೆ ಪೋಸ್ಟ್ ಆಪ್ ಪೇಷೆಂಟಿನ ಉಸಿರಾಟಕ್ಕೆ ತೊಂದರೆ ಆಗ್ತಿತ್ತು. ಬೆಲ್ ಹಾಕಿದವರಿಗೆ ಫೋನ್ ಮಾಡಿ, ಹೆಂಗಸರ ಬಾತ್‌ರೂಮನ್ನ ಗಂಡಸರ ಝೋನಿಗೆ ಯಾಕೆ ಹಾಕಿದ್ರಿ ಅಂದರೆ, "ವೈರು ಆ ಕಡೆಯಿಂದ ಬಂದಿದೆ ಮೇಡಂ, ಬದಲಾಯಿಸಬೇಕಂದ್ರೆ ಗೋಡೆ ಒಡೀಬೇಕು" ಅಂದರು.

ಈಗ ಆಡಳಿತದವರು ಹೇಳ್ತಿರೋದು, ಎಲ್ಲಾ ಎಪ್ಪತ್ತು ಕರೆಯೂ ಎರಡೂ ಸ್ಟೇಷನ್ನಿನಲ್ಲಿ ಹೊಡೆಯೋ ಹಾಗೆ ಮಾಡಿಬಿಡೋಣ ಅಂತ. ನನಗೆ ಇದು ಸರಿ ಕಾಣ್ತಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಕರೆ "ಸಿಸ್ಟರ್, ಡ್ರಿಪ್ ಮುಗೀತು" ಅನ್ನೋದು. ಅದೆಲ್ಲ ಆರೂ ಜನರ ಕಿವಿಗೆ ಬಿದ್ದರೆ ಅವಳು ಹೋಗ್ತಾಳೆ ಅಂತ ಇವಳು, ಇವಳು ಹೋಗ್ತಾಳೆ ಅಂತ ಅವಳು ಕೂತುಬಿಡ್ತಾರೆ. ನನ್ನ ಹುಡುಗೀರು ಸೋಮಾರಿಗಳಲ್ಲ. ಆದರೆ ಯಾರದ್ದು ಅಂತ ಗೊತ್ತಿಲ್ಲದ ಬೆಲ್ಲಿಗೆ ಯಾರು ತಾನೇ ಓಡ್ತಾರೆ?

ಹಾಗಾದರೆ ಝೋನ್ ಯಾವ ಲೆಕ್ಕದಲ್ಲಿ ಹಾಕಬೇಕು? ರೂಮಿನ ಲೆಕ್ಕವೋ, ಬೆಡ್ಡಿನ ಲೆಕ್ಕವೋ, ಸಿಸ್ಟರ್ ಲೆಕ್ಕವೋ? ಹಗಲಿಗೊಂದು ರಾತ್ರಿಗೊಂದು ಇಡೋಕಾಗುತ್ತಾ? ನಿಜವಾಗ್ಲೂ ಗೋಡೆ ಒಡೀಲೇಬೇಕಾ?

ಹುಬ್ಬಳ್ಳಿ ವೈರಿಂಗ್:

ಮೇಡಂ ಅವ್ರ, ಗ್ವಾಡಿ ಒಡಿಯೂದು ಏನೂ ಬ್ಯಾಡ್ರಿ. ಒಂದು ಸಲ ತಡೀರಿ.

ನಾ ಹುಬ್ಬಳ್ಳಿ ಕಡೆ ಹನ್ನೊಂದು ವರ್ಷದಿಂದ ಸಿಸಿಟಿವಿ, ಫೈರ್ ಅಲಾರ್ಮ್, ನರ್ಸ್ ಕಾಲ್ ಇದನ್ನ ಮಾಡ್ಕೋತ ಬಂದೀನ್ರಿ. ನಮ್ಮಂಥವರದು ಒಂದು ತಪ್ಪು ಐತಿ, ಅದನ್ನ ಮೊದಲ ಹೇಳ್ತೀನಿ. ನಾವು ಬಹಳ ಮಂದಿ ಫೈರ್ ಅಲಾರ್ಮ್ ಹಾಕಿ ಹಾಕಿ ಇದಕ್ಕ ಬಂದವರು. ಅಲ್ಲಿ ಝೋನ್ ಅಂದ್ರ ಜಾಗಾ. ಬೆಂಕಿ ಯಾವ ಮಾಳಗಿ, ಯಾವ ಮೂಲಿ ಅಂತ ತೋರಿಸಿದ್ರ ಕೆಲಸ ಮುಗೀತು. ನರ್ಸ್ ಕಾಲ್‌ನಾಗ ಝೋನ್ ಅಂದ್ರ ಮನುಷ್ಯಾರು. ಈ ಗುಂಡಿ ಒತ್ತಿದ್ರ ಯಾರು ಎದ್ದು ಹೋಗಬೇಕು ಅನ್ನೂದು. ನಿಮ್ಮಲ್ಲಿ ಬಂದ ಹುಡುಗರು ಬಾತ್‌ರೂಮ್ ಎಲ್ಲಿ ಐತಿ ಅಂತ ನೋಡ್ಯಾರ, ಅದನ್ನ ಯಾರು ಬಳಸ್ತಾರ ಅಂತ ಕೇಳಿಲ್ಲ. ಕೇಳಾಕ ಹೊಳೀಲೂ ಇಲ್ಲ ಅವರಿಗೆ.

ಈಗ ನಿಮ್ಮದು ಯಾವ ನಮೂನಿ ಅಂತ ನೋಡ್ಕೋರಿ. ಪವರ್ ಆಫ್ ಮಾಡಿ ಒಂದು ಬೆಡ್ಡಿನ ಹಿಂದಿನ ಪ್ಲೇಟ್ ಬಿಚ್ಚಸ್ರಿ. ಎರಡ ವೈರು ಬಂದು, ಆ ಜೋಡಿ ನೆಟ್ಟಗ ಪ್ಯಾನೆಲ್ಲಿಗೆ ಹೋಗಿದ್ರ ಅದು ಹಳೇ ಪದ್ಧತಿ, ಬೆಡ್ಡಿಗೊಂದು ಜೋಡಿ. ನಾಲ್ಕು ವೈರು ಬಂದು, ಅವ ನಾಲ್ಕು ಮುಂದಿನ ಬೆಡ್ಡಿಗೆ ಹೋಗಿದ್ರ, ಎರಡು ಪವರಿಗೆ, ಎರಡು ಡೇಟಾಕ್ಕ. ಅದು ಅಡ್ರೆಸ್ಸೇಬಲ್. ಬೋರ್ಡಿನ ಮ್ಯಾಲೆ ಸಣ್ಣ ಸಣ್ಣ ಸ್ವಿಚ್ಚಿನ ಸಾಲು ಇರತೈತಿ, ಅಕ್ಕಿ ಕಾಳಿನಷ್ಟು. ಎಂಟು ಸ್ವಿಚ್ ಇದ್ರ 256 ನಂಬರ್ ಆಗ್ತಾವ, ಒಂದೊಂದು ಬೆಡ್ಡಿಗೆ ಒಂದೊಂದು. ಹಂಗಿದ್ದರ ವೈರು ಯಾವ ದಾರಿಲೆ ಬಂತು ಅನ್ನೂದು ಪ್ಯಾನೆಲ್ಲಿಗೆ ಬೇಕಾಗೇ ಇಲ್ಲ. 37ನೇ ನಂಬರ್ ಯಾವ ಸ್ಟೇಷನ್ನಿಗೆ ಹೋಗಬೇಕು ಅಂತ ಒಳಗ ಒಂದು ಪಟ್ಟಿ ಇರತೈತಿ, ಅದನ್ನ ತಿದ್ದಿದ್ರ ಆತು. ಕುರ್ಚಿ ಮ್ಯಾಲೆ ಕುಂತು ಮಾಡೂ ಕೆಲಸ. ಹಳೇ ಪದ್ಧತಿ ಇದ್ರೂ ಬಾತ್‌ರೂಮಿನ ಗ್ವಾಡಿ ಮುಟ್ಟಬೇಕಾಗಿಲ್ಲ, ಎರಡು ಪ್ಯಾನೆಲ್ಲಿನ ನಡುವ ಹೊಸಾ ಜೋಡಿ ಎಳದು ಅಲ್ಲೇ ಬದಲಿ ಮಾಡಬಹುದು.

ತಿದ್ದೂಕಿಂತ ಮೊದಲ ಈಗಿರೂ ಪಟ್ಟಿದು ಒಂದೊಂದು ಪುಟಾನೂ ಫೋಟೋ ತಗದು ಇಟ್ಕೋರಿ. ಆಮ್ಯಾಲೆ ಎಪ್ಪತ್ತೂ ಕಡೆ ಹೋಗಿ ಒಂದೊಂದಾಗಿ ಒತ್ತಿ ನೋಡ್ರಿ, ಒಬ್ಬರು ಇಲ್ಲಿ ಒತ್ತೂದು, ಒಬ್ಬರು ಸ್ಟೇಷನ್‌ನಾಗ ಕುಂತು ಏನ್ ತೋರಸ್ತೈತಿ ಅಂತ ಬರಕೊಳ್ಳೂದು. ಎರಡು ಕಡೆ ಒಂದ ನಂಬರ್ ಬಿದ್ದಿದ್ದು ನಾ ಎಷ್ಟೋ ಕಡೆ ನೋಡೀನಿ. ಅದು ಯಾವ ಕಾಗದದಾಗೂ ಸಿಗಂಗಿಲ್ಲ, ಒತ್ತಿದ್ರ ಮಾತ್ರ ಸಿಗತೈತಿ.

ಹೊಸಾ ಪಾಯಿಂಟ್ ಸೇರಸೂದಿದ್ರ ನಡುವಿಂದ ಟೊಂಗಿ ಒಡದಂಗ ವೈರು ತಗೀಬಾರದು. ಡೇಟಾ ಲೈನ್ ಆರ್‌ಎಸ್ 485 ಅನ್ನೂ ಪದ್ಧತಿದು ಇದ್ರ ಒಂದರಿಂದ ಒಂದಕ್ಕ ಸರಪಳಿ ಹಂಗ ಹೋಗಬೇಕು, 120 ಓಮ್ ರೆಸಿಸ್ಟರ್ ಎರಡು ತುದೀಗೆ ಅಷ್ಟ. ಮತ್ತ ನಿಮ್ಮ ಮೊಣಕೈ ತಿರುವಿನಾಗ, ಎರಡೂ ಕಡೆಯಿಂದ ಕಾಣೂ ಹಂಗ ಮ್ಯಾಲೆ ಒಂದು ಝೋನ್ ಲೈಟ್ ಹಾಕಸ್ರಿ. ಬಾಗಲದ ಮ್ಯಾಲಿನ ಲೈಟ್ ಎಷ್ಟ ಉರದ್ರೂ ತಿರುವಿನ ಆಚೆ ಇರಾವರಿಗೆ ಅದು ಇಲ್ಲದಂಗ. ರಾತ್ರಿ ಸದ್ದು ಕಡಿಮಿ ಮಾಡ್ತೀರಲಾ, ಅದು ಬೆಡ್ಡಿನ ಕರೆಗೆ ಮಾತ್ರ ಇರಲಿ. ಬಾತ್‌ರೂಮಿಂದಕ್ಕ ಬ್ಯಾರೇ ಸದ್ದು, ಹಗಲಿನಷ್ಟ ಜೋರು.

ಮಲೆನಾಡ ಸಿಸ್ಟರ್:

ಅಣ್ಣ, ನಿಮ್ಮ ಮಾತು ಓದಿ ನಮ್ಮ ಎಲೆಕ್ಟ್ರಿಷಿಯನ್ ಕೈಲಿ ಖಾಲಿ ಇದ್ದ ಒಂದು ಬೆಡ್ಡಿನ ಪ್ಲೇಟ್ ಬಿಚ್ಚಿಸಿದೆ. ನಾಲ್ಕು ವೈರು. ನೀಲಿ ಬಣ್ಣದ ಪುಟ್ಟ ಡಬ್ಬಿ ಮೇಲೆ ಎಂಟು ಬಿಳಿ ಸ್ವಿಚ್ಚು, ಮೂರು ಮೇಲೆ, ಐದು ಕೆಳಗೆ. ನಾನೇ ಟಾರ್ಚ್ ಹಿಡಿದು ನೋಡಿದೆ. ಮೂರು ವರ್ಷದಿಂದ ಗೋಡೆ ಒಡೀಬೇಕು ಅಂದುಕೊಂಡಿದ್ದೆವಲ್ಲ ಅಂತ ಹೊಟ್ಟೆ ಉರೀತು. "ಝೋನ್ ಅಂದ್ರ ಮನುಷ್ಯಾರು" ಅಂದಿರಿ ನೋಡಿ, ಅದನ್ನ ಹಾಗೇ ಬರೆದು ಮೀಟಿಂಗಿಗೆ ತಗೊಂಡು ಹೋಗ್ತೀನಿ.

ಪುತ್ತೂರಿನ ದಾದಿ:

ಸಿಸ್ಟರ್, ನಿಮ್ಮ ಅಜ್ಜಿಯ ವಿಷಯ ಓದಿ ಮನಸ್ಸಿಗೆ ಬಹಳ ಬೇಜಾರಾಯಿತು. ನಾನು ಪುತ್ತೂರಿನ ಕಡೆಯವಳು. ಮಂಗಳೂರಿನಲ್ಲಿ ಓದಿ, ಅಲ್ಲಿಯೇ ನಾಲ್ಕು ವರ್ಷ ಕೆಲಸ ಮಾಡಿ, ಈಗ ಏಳು ವರ್ಷದಿಂದ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿಯದ್ದೆಲ್ಲ ಒಳ್ಳೆಯದು ಅಂತ ಹೇಳುವುದಿಲ್ಲ. ಬೆಲ್ಲಿನ ಮಟ್ಟಿಗೆ ಎರಡು ಮೂರು ಸಂಗತಿ ಮಾತ್ರ ನಿಮಗೆ ಉಪಯೋಗ ಆದೀತು.

ಇಲ್ಲಿ ನಮ್ಮ ವಾರ್ಡು ನಾಲ್ಕು, ಆರು ಬೆಡ್ಡಿನ ಸಣ್ಣ ಸಣ್ಣ ಭಾಗ. ಪಾಳಿ ಶುರುವಾಗುವಾಗ ಇಂಥ ಭಾಗ ಇಂಥವರಿಗೆ ಅಂತ ಬೋರ್ಡಿನಲ್ಲಿ ಬರೆಯುವುದುಂಟು. ಬೆಲ್ ಹೊಡೆದರೆ ಯಾರದ್ದು ಅಂತ ಹುಡುಕಲಿಕ್ಕೆ ಇಲ್ಲ. ನೀವು ಕೇಳಿದಿರಲ್ಲ, ಯಾವ ಲೆಕ್ಕ ಅಂತ. ಸಿಸ್ಟರ್ ಲೆಕ್ಕವೇ. ಪಾಳಿ ಬದಲಾಗುವಾಗ ಪೇಷೆಂಟನ್ನು ಯಾರಿಗೆ ಒಪ್ಪಿಸಿದ್ದಾರೋ, ಅಂದರೆ ಯಾರ ಹ್ಯಾಂಡೋವರಿನಲ್ಲಿ ಇದ್ದಾರೋ, ಅವರಿಗೆ ಆ ಪೇಷೆಂಟಿನ ಬೆಡ್ಡೂ ಹೋಗಬೇಕು, ಆ ಪೇಷೆಂಟ್ ಹೋಗುವ ಬಾತ್‌ರೂಮೂ ಹೋಗಬೇಕು.

ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಕಂಡದ್ದು ಪೋಸ್ಟ್ ಆಪ್‌ನ ಆ ಸಿಸ್ಟರ್. ಅವಳ ಎರಡೂ ಕೈ ಪೇಷೆಂಟಿನ ಮೇಲೆ ಇತ್ತು. ಅವಳಿಗೆ ಕರೆಯಲಿಕ್ಕೆ ಏನಿತ್ತು? ಇಲ್ಲಿ ಬೆಡ್ಡಿನ ಬೆಲ್ ಒಂದು, ಸಹಾಯಕ್ಕೆ ಬನ್ನಿ ಅಂತ ಸಿಬ್ಬಂದಿಯೇ ಒತ್ತುವ ಬಟನ್ ಇನ್ನೊಂದು, ಹೃದಯ ನಿಂತಂಥ ತುರ್ತಿಗೆ ಮತ್ತೊಂದು. ಸಿಬ್ಬಂದಿ ಒತ್ತುವ ಆ ಎರಡಕ್ಕೆ ಝೋನ್ ಇಡಬೇಡಿ. ಅದು ಮುಂದೆಯೂ ಹಿಂದೆಯೂ ಒಟ್ಟಿಗೆ ಕೇಳಬೇಕು. ಅವಳು ಮೊಣಕೈಯಲ್ಲಿ ಆದರೂ ಆ ಬಟನ್ ಒತ್ತಿದ್ದರೆ ಮುಂದಿನವರಲ್ಲಿ ಒಬ್ಬಳು ಹಿಂದೆ ಬರುತ್ತಿದ್ದಳು, ಬರುವ ದಾರಿಯಲ್ಲೇ ಬಾತ್‌ರೂಮಿನ ಲೈಟ್ ಕಾಣುತ್ತಿತ್ತು.

ಇನ್ನು ಹಗ್ಗ. ಅಜ್ಜಿಗೆ ಹಗ್ಗ ಕೈಗೆ ಸಿಕ್ಕಿದ್ದು ಪುಣ್ಯ. ಬ್ರಿಟನ್ನಿನಲ್ಲಿ ವಿಕಲಚೇತನರ ಟಾಯ್ಲೆಟ್ಟಿಗೆ ಒಂದು ಮಾರ್ಗಸೂಚಿ ಉಂಟು: ಹಗ್ಗ ಕೆಂಪು ಇರಬೇಕು, ಅದರಲ್ಲಿ ಎರಡು ಕೆಂಪು ಬಳೆ, ಒಂದು ನೆಲದಿಂದ 800ರಿಂದ 1000 ಮಿಲಿಮೀಟರ್ ಎತ್ತರದಲ್ಲಿ, ಇನ್ನೊಂದು ಬರೀ 100 ಮಿಲಿಮೀಟರ್‌ನಲ್ಲಿ. ಬಿದ್ದವರು ಬಿದ್ದಲ್ಲಿಂದಲೇ ಹಿಡಿಯಲಿ ಅಂತ. ಆದರೆ ನೆಲ ಒರೆಸುವವರು ಹಗ್ಗ ಒದ್ದೆಯಾಗುತ್ತದೆ ಅಂತ ಮೇಲೆ ಸುತ್ತಿ ಗಂಟು ಹಾಕಿಬಿಡುತ್ತಾರೆ. ಇಲ್ಲಿಯೂ ಹಾಕುತ್ತಾರೆ, ನಾನು ವಾರಕ್ಕೊಮ್ಮೆ ಬಿಚ್ಚುತ್ತೇನೆ. ನಿಮ್ಮ ಇಪ್ಪತ್ತೆರಡು ಬಾತ್‌ರೂಮಿಗೂ ಒಮ್ಮೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ನೋಡಿ, ಕೈಗೆ ಸಿಗುತ್ತದಾ ಅಂತ. ಮತ್ತೊಂದು, ಬಾತ್‌ರೂಮಿನ ಕರೆ ಸ್ಟೇಷನ್ನಿನಲ್ಲಿ ಕೂತು ಆಫ್ ಮಾಡುವ ಹಾಗೆ ಇರಲೇಬಾರದು. ಅಲ್ಲಿಗೆ ನಡೆದು ಹೋಗಿ ಅಲ್ಲಿಯೇ ಆಫ್ ಮಾಡಬೇಕು. ನಿಮ್ಮದು ಹೇಗುಂಟು?

ಬಂದು ಹೋದವನು:

ನಾನು ಆಸ್ಪತ್ರೆಯವನಲ್ಲ. ಹೋದ ಮಳೆಗಾಲದಲ್ಲಿ ಅಮ್ಮನ ಜೊತೆ ಹನ್ನೊಂದು ದಿನ ಒಂದು ಆಸ್ಪತ್ರೇಲಿ ಅಟೆಂಡರ್ ಆಗಿ ಇದ್ದೆ. ಅದಕ್ಕೆ ಬರೀತಿದ್ದೀನಿ.

ಮಂಚದ ಹಿಂದೆ, ಗೋಡೆಗೆ ಆ ಬೆಲ್ಲು ನೇತು ಹಾಕಿತ್ತು. ಅದೇನು ಅಂತ ನಮಗೆ ನಾಲ್ಕನೇ ದಿನ ಪಕ್ಕದ ಬೆಡ್ಡಿನವರು ಹೇಳಿದರು. ಅಲ್ಲೀವರೆಗೆ ಡ್ರಿಪ್ ಮುಗಿದಾಗೆಲ್ಲ ಅಮ್ಮನನ್ನ ಬಿಟ್ಟು ನಾನೇ ಸ್ಟೇಷನ್ನಿಗೆ ಓಡ್ತಿದ್ದೆ. ಗೊತ್ತಾದ ಮೇಲೂ ಒತ್ತೋಕೆ ಸಂಕೋಚ, ರಾತ್ರಿ ಹೊತ್ತು ಸಿಸ್ಟರ್‌ಗೆ ಯಾಕೆ ತೊಂದರೆ ಕೊಡೋದು ಅಂತ ಅಮ್ಮ ಬೇಡ ಬೇಡ ಅನ್ನೋರು. ಒತ್ತಿದರೆ ಗುಂಡಿ ಮೇಲೆ ಯಾವ ಲೈಟೂ ಬರ್ತಿರಲಿಲ್ಲ. ಹೋಯ್ತೋ ಇಲ್ವೋ ತಿಳೀದೆ ನಾಲ್ಕು ನಾಲ್ಕು ಸಲ ಒತ್ತಿದ್ದೀನಿ, ಆಮೇಲೆ ಎದ್ದು ಹೋಗಿದ್ದೀನಿ. ಕರೆ ಹೋಗಿದೆ ಅಂತ ತೋರಿಸೋ ಒಂದು ಸಣ್ಣ ಕೆಂಪು ಲೈಟಾದರೂ ಇರಲಿ ಸಿಸ್ಟರ್. ಅಡ್ಮಿಟ್ ಆದ ದಿನವೇ ಆ ಬೆಲ್ಲನ್ನ ಪೇಷೆಂಟ್ ಕೈಗೆ ಕೊಟ್ಟು ಒಂದು ಸಲ ಒತ್ತಿಸಿ. ನಿಮ್ಮ ಝೋನ್ ಎಷ್ಟು ಚೆನ್ನಾಗಿದ್ದರೂ ನಾವು ಒತ್ತಲಿಲ್ಲ ಅಂದರೆ ಅದಕ್ಕೆ ಏನೂ ಗೊತ್ತಾಗಲ್ಲ.

ಮೈಸೂರು ಬಯೋಮೆಡಿಕಲ್:

ಸಿಸ್ಟರ್, ಮೇಲಿನವರು ಮುಖ್ಯವಾದದ್ದನ್ನೆಲ್ಲ ಹೇಳಿದ್ದಾರೆ. ನಾನು 150 ಬೆಡ್ಡಿನ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಎರಡು ಸಲ ಝೋನ್ ತಪ್ಪು ಮಾಡಿ ಮೂರನೇ ಸಲ ಸರಿ ಮಾಡಿದ್ದೇನೆ, ಆ ಎರಡು ತಪ್ಪು ನಿಮ್ಮಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಮಾಡಿದ್ದು, ಬೆಡ್ಡನ್ನು ಸಮನಾಗಿ ಹಂಚಿದ್ದು. ಪೋಸ್ಟ್ ಆಪ್‌ನ ಆರು ಬೆಡ್ಡೂ ಸ್ಪೆಷಲ್ ವಾರ್ಡಿನ ಆರು ರೂಮೂ ಒಂದೇ ಅಂತ ಲೆಕ್ಕ ಹಾಕಿದ್ದೆ. ಅಲ್ಲ ಅಂತ ಒಂದೇ ವಾರಕ್ಕೆ ಗೊತ್ತಾಯಿತು. ನಿಮ್ಮ ಪ್ಯಾನೆಲ್ ಸಮಯ ದಾಖಲಿಸುತ್ತದೆ ಅಂದಿರಲ್ಲ, ಒಂದು ವಾರದ ದಾಖಲೆ ತೆಗೆಸಿ, ಯಾವ ಕಡೆಯಿಂದ ಯಾವ ಗಂಟೆಯಲ್ಲಿ ಎಷ್ಟು ಕರೆ ಅಂತ ಒಂದು ಹಾಳೆಯಲ್ಲಿ ಗೀಟು ಹಾಕಿ. ಆ ಹಾಳೆ ನೋಡಿಕೊಂಡು ಹಂಚಿ.

ಎರಡನೇ ತಪ್ಪು ಇನ್ನೂ ದೊಡ್ಡದು. ಯಾರೂ ಹೋಗದಿದ್ದರೆ ಕರೆ ಪಕ್ಕದ ಝೋನಿಗೂ ಹೋಗಲಿ ಅಂತ ಮೂವತ್ತು ಸೆಕೆಂಡ್ ಇಟ್ಟೆ. ಒಬ್ಬ ಸಿಸ್ಟರ್ ಕೈ ತೊಳೆದು ಬೆಡ್ಡಿನ ಹತ್ತಿರ ಹೋಗೋಕೆ ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಹೆಚ್ಚು ಕಡಿಮೆ ಎಲ್ಲಾ ಕರೆಯೂ ಎಲ್ಲಾ ಕಡೆ ಹೊಡೆಯಿತು. ಹದಿನೈದು ದಿನಕ್ಕೆ ಸ್ಪೀಕರ್ ತೂತಿನ ಮೇಲೆ ಪ್ಲಾಸ್ಟರ್ ಅಂಟಿಸಿದ್ದರು. ನಾನು ಅವರ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಅದನ್ನು ಅಂಟಿಸೋ ಹಾಗೆ ಮಾಡಿದ್ದು ನಾನು. ಈಗ ನಮ್ಮಲ್ಲಿ ಬೆಡ್ಡಿನ ಕರೆಗೆ ಎರಡು ನಿಮಿಷ, ಬಾತ್‌ರೂಮಿಗೆ ನಲವತ್ತು ಸೆಕೆಂಡ್. ನಿಮ್ಮ ಹೆಜ್ಜೆ ಲೆಕ್ಕ ನೋಡಿ ನಿಮ್ಮದು ನಿರ್ಧರಿಸಿ.

ಹಗಲಿಗೂ ರಾತ್ರಿಗೂ ಬೇರೆ ಬೇರೆ ಪಟ್ಟಿ ಇಡಬಹುದು, ಹೆಚ್ಚಿನ ಅಡ್ರೆಸ್ಸೇಬಲ್ ಪ್ಯಾನೆಲ್‌ಗಳಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಗಡಿಯಾರಕ್ಕೆ ಬಿಡಬೇಡಿ. ನಮ್ಮಲ್ಲಿ ರಾತ್ರಿ ಎಂಟಕ್ಕೆ ತಾನಾಗಿ ಬದಲಾಗುತ್ತಿತ್ತು, ಹ್ಯಾಂಡೋವರ್ ಮುಗಿಯುತ್ತಿದ್ದದ್ದು ಎಂಟೂ ಇಪ್ಪತ್ತಕ್ಕೆ. ಆ ಇಪ್ಪತ್ತು ನಿಮಿಷ ಕರೆ ಹೋಗುತ್ತಿದ್ದದ್ದು ಇನ್ನೂ ಬಂದು ಕೂರದವರ ಟೇಬಲ್ಲಿಗೆ.

ಇದನ್ನೆಲ್ಲ ಮಾಡೋಕೆ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎಪ್ಪತ್ತು ಸಾಲು ಬರೆಯಿರಿ, ಒಂದು ಪಾಯಿಂಟಿಗೆ ಒಂದು ಸಾಲು. ಪಕ್ಕದಲ್ಲಿ ಮೂರು ಮನೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಪ್ರತಿ ಮನೆಯಲ್ಲೂ ಆ ಹೊತ್ತಿನಲ್ಲಿ ನಿಜವಾಗಿ ಇರೋ ಸಿಸ್ಟರ್ ಯಾರು ಅಂತ ತುಂಬಿಸಿ. ಸ್ಟೇಷನ್ ಹೆಸರು ಬರೆಯಬೇಡಿ, ಸ್ಟೇಷನ್ ಎದ್ದು ಹೋಗಲ್ಲ. ಒಂದು ಮನೆಯೂ ಖಾಲಿ ಇಲ್ಲ ಅಂದಮೇಲೆ ಪ್ಯಾನೆಲ್ ಮುಟ್ಟಿ. ಹಾಂ, ಕರೆಂಟು ಹೋಗಿ ಜನರೇಟರ್ ಹತ್ತೋ ನಡುವೆ ಪ್ಯಾನೆಲ್ ಆಫ್ ಆಗಿ ಆನ್ ಆಗುತ್ತಾ ನೋಡಿ. ಹಾಗಾಗುತ್ತಿದ್ದರೆ ಅದಕ್ಕೊಂದು ಯುಪಿಎಸ್ ಹಾಕಿಸಿ, ನಿಮ್ಮ ಮಳೆ ನಾಡಿನಲ್ಲಿ ಇದು ಬೇಕೇ ಬೇಕು.

ಮಲೆನಾಡ ಸಿಸ್ಟರ್:

ಐದು ವಾರ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಏನೇನು ಆಯ್ತು ಅಂತ ನಿಮಗೆಲ್ಲ ಹೇಳಲೇಬೇಕು.

ನೋಟ್‌ಬುಕ್ ತಗೊಂಡು ಎರಡು ಮಧ್ಯಾಹ್ನ ಕೂತೆ. ಎಪ್ಪತ್ತು ಸಾಲು, ಮೂರು ಮನೆ. ಬೆಳಿಗ್ಗೆ, ಮಧ್ಯಾಹ್ನ ಸುಲಭವಾಗಿ ತುಂಬಿತು. ರಾತ್ರಿಯ ಮನೆ ತುಂಬೋಕೆ ಬಂದಾಗ ಗಂಡಸರ ವಾರ್ಡಿನ ಹತ್ತು ಸಾಲು, ತಿರುವಿನ ನಾಲ್ಕು ಬಾತ್‌ರೂಮಿನ ಸಾಲು, ಇವುಗಳ ಮುಂದೆ ಪೆನ್ನು ನಿಂತುಬಿಟ್ಟಿತು. ಹಿಂದಿನ ಒಬ್ಬಳೇ ಹುಡುಗಿ ಪೋಸ್ಟ್ ಆಪ್ 6, ಸೆಮಿ 10, ಗಂಡಸರು 10, ಜೊತೆಗೆ ಈ ನಾಲ್ಕು ಬಾತ್‌ರೂಮು ನೋಡ್ಕೋತಿದ್ದಳು. ಮೂರು ವರ್ಷ ಅವಳ ಜಾಗದಲ್ಲಿ ಯಾರು ಯಾರು ಇದ್ದರೋ ಎಲ್ಲರೂ ಹಾಗೇ ಮಾಡಿದ್ದಾರೆ. ಕಾಗದದ ಮೇಲೆ ನೋಡೋವರೆಗೂ ನನಗೇ ಕಂಡಿರಲಿಲ್ಲ.

ಈಗ ರಾತ್ರಿಯ ಮೂವರು ಸಿಸ್ಟರ್ಸನ್ನ ಹೀಗೆ ಹಂಚಿದ್ದೀವಿ. ಒಬ್ಬಳಿಗೆ ಹನ್ನೆರಡು ಸ್ಪೆಷಲ್ ರೂಮು. ಒಬ್ಬಳಿಗೆ ಪೋಸ್ಟ್ ಆಪ್ ಮತ್ತು ಸೆಮಿ. ನಡುವಿನವಳಿಗೆ ಎರಡೂ ಜನರಲ್ ವಾರ್ಡು ಮತ್ತು ತಿರುವಿನ ನಾಲ್ಕೂ ಬಾತ್‌ರೂಮು. ಅವಳ ಟೇಬಲ್ಲನ್ನ ರಾತ್ರಿ ತಿರುವಿಗೇ ತಂದು ಹಾಕ್ತೀವಿ. ಅಲ್ಲಿ ಒಂದು ಚಿಕ್ಕ ಡಿಸ್‌ಪ್ಲೇ ಹಾಕಿಸಿದೆವು, ಮೇಲೆ ಎರಡೂ ತೋಳಿಗೆ ಕಾಣೋ ಲೈಟು. ಹಗಲಿಗೆ ಬೇರೆ ಪಟ್ಟಿ, ಆರು ಝೋನು, ಸ್ಪೆಷಲ್ ರೂಮನ್ನ ಆರಾರು ಮಾಡಿ ಇಬ್ಬರಿಗೆ. ಹೆಂಗಸರ ಬಾತ್‌ರೂಮು ಹೆಂಗಸರ ವಾರ್ಡಿನ ಜೊತೆಗೆ, ಗಂಡಸರದ್ದು ಗಂಡಸರ ಜೊತೆಗೆ. ಬೆಲ್ಲಿನ ಹುಡುಗ ಬಂದು ಲ್ಯಾಪ್‌ಟಾಪ್ ಹಾಕಿ ಒಂದೂವರೆ ಗಂಟೇಲಿ ಪಟ್ಟಿ ತಿದ್ದಿದ. ಗೋಡೆಗೆ ಒಂದು ಗೀರೂ ಬೀಳಲಿಲ್ಲ.

ಹುಬ್ಬಳ್ಳಿ ಅಣ್ಣ, ಎಪ್ಪತ್ತೂ ಕಡೆ ಒತ್ತಿ ನೋಡಿ ಅಂದಿರಲ್ಲ. ನಾನು ಒತ್ತುತ್ತಾ ಹೋದೆ, ಸ್ಟೂಡೆಂಟ್ ಹುಡುಗಿಯೊಬ್ಬಳು ಸ್ಟೇಷನ್ನಿನಲ್ಲಿ ಬರ್ಕೊಂಡಳು. ಕೊನೆಗೆ ನನ್ನ ಲೆಕ್ಕ 70, ಪ್ಯಾನೆಲ್ ಲೆಕ್ಕ 69. ಮತ್ತೆ ಮೊದಲಿಂದ ಹೋದೆವು. ಸೆಮಿ ಸ್ಪೆಷಲ್ ಮೂರನೇ ರೂಮಿನ ಬಾತ್‌ರೂಮಿನಲ್ಲಿ ಹಗ್ಗ ಎಳೆದರೆ ಮುಂದಿನ ಸ್ಟೇಷನ್ನಿನಲ್ಲಿ "109 ಬಾತ್‌ರೂಮ್" ಅಂತ ಬರ್ತಿತ್ತು. ಎರಡಕ್ಕೂ ಒಂದೇ ನಂಬರ್. "109ರ ಬೆಲ್ಲು ಸುಮ್ಮಸುಮ್ಮನೆ ಹೊಡೆಯುತ್ತೆ ಸಿಸ್ಟರ್, ಹೋದರೆ ಯಾರೂ ಇರಲ್ಲ" ಅಂತ ನಮ್ಮ ಹುಡುಗೀರು ಎಷ್ಟೋ ಸಲ ಹೇಳಿದ್ದರು. ನಾನೇ "ಅದು ಹಾಗೇ ಬಿಡಮ್ಮ" ಅಂದಿದ್ದೆ. ಕಟ್ಟಡದ ಆ ತುದೀಲಿ ಯಾರೋ ಪ್ರತಿ ಸಲ ಕರೆದು ಕಾದಿದ್ದಾರೆ. ಆ ಮಾತು ನನ್ನ ಬಾಯಿಂದ ಬಂದಿದ್ದು ಇನ್ನೂ ಚುಚ್ಚುತ್ತೆ.

ಪುತ್ತೂರಿನ ಸಿಸ್ಟರ್, ಇಪ್ಪತ್ತೆರಡರಲ್ಲಿ ಒಂಬತ್ತು ಹಗ್ಗ ಮೇಲೆ ಕಟ್ಟಿದ್ದರು, ಎರಡು ಶವರ್ ಪೈಪಿಗೆ ಸುತ್ತಿತ್ತು. ಹೆಂಗಸರ ಎರಡನೇ ಬಾತ್‌ರೂಮಿನದ್ದು ಬಕೆಟ್ಟಿನ ಮೇಲೆ ಹತ್ತಿದರೆ ಸಿಗೋ ಹಾಗಿತ್ತು. ಅಜ್ಜಿ ಹೋಗಿದ್ದು ಮೊದಲನೇದಕ್ಕೆ. ಆಯಾಗಳನ್ನ ಕರೆದು, ಬೈದಿಲ್ಲ, ಒಬ್ಬೊಬ್ಬರನ್ನೇ ಒಳಗೆ ನೆಲದ ಮೇಲೆ ಕೂರಿಸಿ, ಕೈ ಚಾಚಿ ಅಂದೆ. ಆಮೇಲೆ ಯಾರೂ ಕಟ್ಟಿಲ್ಲ. ಸ್ಟೇಷನ್ನಿನಿಂದ ಬಾತ್‌ರೂಮಿನ ಕರೆ ಆಫ್ ಮಾಡೋ ಸೌಲಭ್ಯ ನಮ್ಮಲ್ಲೂ ಇತ್ತು, ತೆಗೆಸಿದೆ. ಪೋಸ್ಟ್ ಆಪ್‌ನಲ್ಲಿ ಸಹಾಯದ ಬಟನ್ ಮಂಚದ ಎತ್ತರಕ್ಕೆ ಎರಡು ಕಡೆ ಹಾಕಿಸಿದ್ದೀವಿ. ಅವತ್ತು ಬೈಸಿಕೊಂಡ ಹುಡುಗಿಗೇ ಮೊದಲು ಒತ್ತಿ ನೋಡು ಅಂದೆ. ಒತ್ತಿದಳು, ಎರಡೂ ಕಡೆಯಿಂದ ಓಡಿ ಬಂದರು. ಅವಳು ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಅಮ್ಮನ ಜೊತೆ ಇದ್ದ ತಮ್ಮಾ, ಅಡ್ಮಿಷನ್ ಹಾಳೇಲಿ ಒಂದು ಸಾಲು ಸೇರಿಸಿದ್ದೀವಿ: ಬೆಲ್ಲನ್ನ ಪೇಷೆಂಟ್ ಕೈಯಿಂದ ಒತ್ತಿಸಿದ್ದೀರಾ? ಸಹಿ ಸಿಸ್ಟರ್‌ದೂ ಬೇಕು, ಅಟೆಂಡರ್‌ದೂ ಬೇಕು. ಲೈಟ್ ಇರೋ ಹ್ಯಾಂಡ್‌ಸೆಟ್ ಇಪ್ಪತ್ತು ಬಂದಿದೆ, ಉಳಿದದ್ದಕ್ಕೆ ದುಡ್ಡು ಮುಂದಿನ ವರ್ಷ ಅಂದಿದ್ದಾರೆ. ಬಂದ ಇಪ್ಪತ್ತನ್ನೂ ಎರಡು ಜನರಲ್ ವಾರ್ಡಿಗೇ ಕೊಟ್ಟೆ. ಸ್ಪೆಷಲ್ ರೂಮಿಗೆ ಮೊದಲು ಹಾಕಿ ಅಂದಿದ್ದರು, ನಾನು ಒಪ್ಪಲಿಲ್ಲ.

ಮೈಸೂರಿನ ಸರ್, ಹ್ಯಾಂಡೋವರ್ ಮುಗಿದು ಇಬ್ಬರೂ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ನಡುವಿನ ಸಿಸ್ಟರ್ ಕೈಯಾರೆ ರಾತ್ರಿ ಪಟ್ಟಿಗೆ ಬದಲಾಯಿಸ್ತಾಳೆ. ಬೆಡ್ಡಿಗೆ ಎರಡು ನಿಮಿಷ, ಬಾತ್‌ರೂಮಿಗೆ ನಲವತ್ತು ಸೆಕೆಂಡ್ ಅಂತಲೇ ಇಟ್ಟೆವು. ಯುಪಿಎಸ್ ಹಾಕಿಸೋ ಮೊದಲು ನೋಡಿದಾಗ, ಜನರೇಟರ್ ಹತ್ತಿ ಪ್ಯಾನೆಲ್ ಮತ್ತೆ ಆನ್ ಆದರೆ ಅದಕ್ಕೆ ಮುಂಚೆ ಒತ್ತಿದ್ದ ಕರೆಗಳು ಮಾಯ ಆಗ್ತಿದ್ದವು. ಈಗ ಆಗಲ್ಲ.

ಕೆಳಗಿನ ಮಹಡೀಲಿ ಲೇಬರ್ ರೂಮು, ಅದರ ಪಕ್ಕ ಹೆರಿಗೆ ಆದವರ ಎಂಟು ಬೆಡ್ ಇದೆ. ಅಲ್ಲಿಯ ಬೆಲ್ಲನ್ನೂ ಅದೇ ಹುಡುಗರು ಅದೇ ದಿನ ಹಾಕಿದ್ದು. ಸೋಮವಾರ ನೋಟ್‌ಬುಕ್ ಹಿಡ್ಕೊಂಡು ಕೆಳಗೆ ಹೋಗ್ತಿದ್ದೀನಿ. ಒತ್ತಿ ನೋಡಿ ಮತ್ತೆ ಬರೀತೀನಿ.